ಏರುವ ಖರ್ಚಿನ ನಡುವೆ ಆಲೆಮನೆ

ಮಂಡ್ಯ ಜಿಲ್ಲೆಯ ಕಬ್ಬಿನ ಸೀಮೆಯಲ್ಲಿ ಆಲೆಮನೆ ಬಹುಕಾಲದಿಂದ ನಡೆದುಬಂದ ಉದ್ಯಮ. ಇತ್ತೀಚಿನ ವರ್ಷಗಳಲ್ಲಿ ಹಲವು ಆಲೆಮನೆಗಳು ಮುಚ್ಚಿವೆ. ಕಬ್ಬು, ಕೂಲಿ, ಸಾಗಣೆ ಎಲ್ಲವೂ ತುಟ್ಟಿಯಾಗಿರುವುದು ಇದಕ್ಕೆ ಒಂದು ಮುಖ್ಯ ಕಾರಣ. ಸಕ್ಕರೆ ಕಾರ್ಖಾನೆಗಳು ರೈತರಿಗೆ ಕೊಡಬೇಕಾದ ಕನಿಷ್ಠ ದರವನ್ನು ಕೇಂದ್ರ ಸರ್ಕಾರ 2009-10ರಲ್ಲಿ ಕ್ವಿಂಟಾಲಿಗೆ ರೂ. 129.84 ಎಂದು (ಶೇ. 9.5 ಸಕ್ಕರೆ ಇಳುವರಿಗೆ) ಗೊತ್ತುಮಾಡಿತ್ತು. 2024-25ರಲ್ಲಿ ಅದು ರೂ. 340 (ಶೇ. 10.25 ಇಳುವರಿಗೆ) ಆಯಿತು. ಕಾರ್ಖಾನೆಗಿಂತ ತೀರ ಕಡಿಮೆ ಬೆಲೆಗೆ ಆಲೆಮನೆಗೆ ಕಬ್ಬು ಸಿಗಲಾರದು.

ಬೆಲ್ಲದ ಬೆಲೆ ಪೇಟೆಯಲ್ಲಿ ನಿರ್ಧಾರವಾಗುತ್ತದೆ. ಅದು ಮಾಲೀಕನ ಕೈಯಲ್ಲಿಲ್ಲ. ಅವನ ಕೈಯಲ್ಲಿರುವುದು ಒಂದು ಕಿಲೋ ಬೆಲ್ಲಕ್ಕೆ ತಗಲುವ ಖರ್ಚು ಮಾತ್ರ.

ಕಿಲೋ ಲೆಕ್ಕ ಇಡಬೇಕು

ಬಾಡಿಗೆ, ಸಾಲದ ಬಡ್ಡಿ, ತಿಂಗಳ ಸಂಬಳ ಇವು ಗಾಣ ತಿರುಗಿದರೂ ತಿರುಗದಿದ್ದರೂ ತಪ್ಪುವುದಿಲ್ಲ. ಇವು ದಿನಕ್ಕೆ ರೂ. 3,000 ಎಂದಿಟ್ಟುಕೊಂಡರೆ, 600 ಕಿಲೋ ಬೆಲ್ಲ ತೆಗೆದ ದಿನ ಕಿಲೋಗೆ ರೂ. 5 ಬೀಳುತ್ತದೆ, 1,000 ಕಿಲೋ ತೆಗೆದರೆ ರೂ. 3 ಮಾತ್ರ. ಆದುದರಿಂದ ಸುತ್ತಲಿನ ರೈತರೊಡನೆ ಮೊದಲೇ ಮಾತಾಡಿ, ಕಟಾವಿನ ಸರದಿ ಗೊತ್ತುಮಾಡಿಕೊಂಡು, ಗಾಣ ಬಿಡುವಿಲ್ಲದೆ ನಡೆಯುವಂತೆ ನೋಡಿಕೊಳ್ಳುವುದು ಮೊದಲ ಉಳಿತಾಯ.

ಗಾಣದಲ್ಲಿ ಸೋರುವ ಲಾಭ

ಸವೆದ ಉರುಳೆಗಳ ಗಾಣದಲ್ಲಿ ಕ್ವಿಂಟಾಲ್ ಕಬ್ಬಿಗೆ 55 ಕಿಲೋ ಹಾಲು ಬಂದರೆ, ಸರಿಯಾಗಿ ಬಿಗಿಮಾಡಿದ ಮೂರು ಉರುಳೆಗಳ ಅಡ್ಡ ಗಾಣದಲ್ಲಿ 65 ಕಿಲೋವರೆಗೂ ಬರುತ್ತದೆ. 100 ಕಿಲೋ ಹಾಲಿಗೆ ಸುಮಾರು 18 ಕಿಲೋ ಬೆಲ್ಲ ಎಂದು ಹಿಡಿದರೂ, ಒಂದು ಟನ್ ಕಬ್ಬಿನಲ್ಲಿ 18 ಕಿಲೋ ಬೆಲ್ಲ ಸಿಪ್ಪೆಯೊಡನೆ ಒಲೆಗೆ ಹೋಗುತ್ತಿದೆ ಎಂದಾಯಿತು. ಕಿಲೋಗೆ ರೂ. 40ರಂತೆ ಇದು ರೂ. 720. ಉರುಳೆಗಳ ದುರಸ್ತಿಗೆ ಹಿಂಜರಿಯುವವರು ಈ ಲೆಕ್ಕವನ್ನು ನೋಡಬೇಕು.

ಕಡಿದ ಕಬ್ಬನ್ನು 24 ಗಂಟೆಗಳೊಳಗೆ ಅರೆಯುವುದು ಅಗತ್ಯ. ತಡವಾದಷ್ಟೂ ಕಬ್ಬಿನ ತೂಕ ಇಳಿಯುತ್ತದೆ, ಸಕ್ಕರೆಯ ಅಂಶ ಒಡೆಯುತ್ತದೆ, ಬೆಲ್ಲ ಗಟ್ಟಿಯಾಗಿ ಕೂರುವುದಿಲ್ಲ.

ಒಲೆ

ಚೆನ್ನಾಗಿ ಒಣಗಿದ ಸಿಪ್ಪೆ ಇದ್ದು ಒಲೆ ಸರಿಯಾಗಿದ್ದರೆ ಹೊರಗಿನಿಂದ ಉರುವಲು ಕೊಳ್ಳುವ ಪ್ರಮೇಯ ಬಾರದು. ಒಂದೇ ಕೊಪ್ಪರಿಗೆಯ ಒಲೆಯಲ್ಲಿ ಬಹಳಷ್ಟು ಶಾಖ ಚಿಮಣಿಯಿಂದ ಹೊರಹೋಗುತ್ತದೆ. ಎರಡು ಅಥವಾ ಮೂರು ಕೊಪ್ಪರಿಗೆಗಳನ್ನು ಸಾಲಾಗಿಟ್ಟರೆ ಅದೇ ಶಾಖದಿಂದ ಮುಂದಿನ ಹಾಲು ಕಾಯುತ್ತದೆ. ಹಸಿ ಸಿಪ್ಪೆ ಉರಿಯದೆಂದು ಹಳೆಯ ಟೈರು ಸುಡುವ ಅಭ್ಯಾಸವನ್ನು ಕೂಡಲೇ ಬಿಡಬೇಕು. ಅದರ ಹೊಗೆ ಕೆಲಸಗಾರರಿಗೂ ಊರಿಗೂ ಕೇಡು.

ಬಣ್ಣದ ಮೋಹ

ಪೇಟೆಯಲ್ಲಿ ಹೊಳೆಯುವ ಬೆಲ್ಲಕ್ಕೆ ಬೆಲೆ ಹೆಚ್ಚೆಂದು ಹೈಡ್ರೋಸ್ ಸುರಿಯುವವರುಂಟು. ಖರ್ಚು ಸರಿದೂಗಿಸಲು ಸಕ್ಕರೆ ಬೆರೆಸುವವರೂ ಉಂಟು. ಬೆಲ್ಲದಲ್ಲಿ ಗಂಧಕದ ಡೈಆಕ್ಸೈಡ್ ಕಿಲೋಗೆ 70 ಮಿಲಿಗ್ರಾಂ ಮೀರಬಾರದೆಂಬುದು ಕಾನೂನು. ಹೈಡ್ರೋಸ್‌ನಿಂದ ಬಂದ ಬಣ್ಣ ದಾಸ್ತಾನಿನಲ್ಲಿ ನಿಲ್ಲುವುದೂ ಇಲ್ಲ. ಸುಣ್ಣದ ತಿಳಿಯನ್ನು ಮಿತವಾಗಿ ಬಳಸಿ, ಬೆಂಡೆಗಿಡದ ಲೋಳೆಯಿಂದ ಕೊಳೆ ತೆಗೆದರೆ ಬೆಲ್ಲ ಶುದ್ಧವಾಗುತ್ತದೆ. ಅಚ್ಚಿಗೆ ಹಾಕುವ ಪಾಕವನ್ನು ಸುಮಾರು 118 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಳಿಸಬೇಕು. ಇದಕ್ಕೆ ಒಂದು ಉಷ್ಣಮಾಪಕ ಸಾಕು. ನಂಬಿಕೆ ಗಳಿಸಿದ ಬೆಲ್ಲಕ್ಕೆ ಗಿರಾಕಿ ತಾನಾಗಿ ಹುಡುಕಿಕೊಂಡು ಬರುತ್ತಾನೆ.

ಈ ಹಂಗಾಮಿನಲ್ಲಿ ಆಲೆಮನೆಯವರು ಮೊದಲು ಮಾಡಬೇಕಾದುದು ಇಷ್ಟು: ದಿನಕ್ಕೆ ಬಂದ ಕಬ್ಬು, ಹಾಲು, ಬೆಲ್ಲ, ಖರ್ಚು ಈ ನಾಲ್ಕನ್ನು ತೂಗಿ ಪುಸ್ತಕದಲ್ಲಿ ಬರೆದಿಡುವುದು. ಹದಿನೈದು ದಿನ ಬರೆದರೆ ನಷ್ಟ ಎಲ್ಲಿ ಆಗುತ್ತಿದೆ ಎಂಬುದನ್ನು ಆ ಪುಸ್ತಕವೇ ತೋರಿಸುತ್ತದೆ.