ಹಳೆಯ ಸರ್ವರ್, ಹೊಸ ತಂತ್ರಾಂಶ: ಸಂಘದ ಲೆಕ್ಕಗಳನ್ನು ಸಾಗಿಸುವ ಬಗೆ

“ಕಂಪ್ಯೂಟರ್ ನಡೀತಾ ಇದೆಯಲ್ಲ, ಮತ್ಯಾಕೆ ಬದಲಾಯಿಸೋದು ಸೆಕ್ರೆಟರಿಗಳೇ?” ಎಂದು ಚಿಕ್ಕಯ್ಯನಛತ್ರದ ಕಡೆಯ ಸದಸ್ಯ ಬಾಂಧವರು ಹಲವರು ಕೇಳಿದ್ದಾರೆ. ನ್ಯಾಯವಾದ ಪ್ರಶ್ನೆಯೇ. ಷೇರು ಹಣ, ಸಾಲದ ಬಾಕಿ, ಅಡಿಕೆ ಕಾಫಿಗಳ ತೂಕ ಎಲ್ಲವೂ ಅದರೊಳಗಿವೆ. ಆದುದರಿಂದ ಈ ಸಲದ ಪಾಠವನ್ನು ಇದಕ್ಕೇ ಮೀಸಲಿಟ್ಟಿದ್ದೇವೆ.

ಲೆಕ್ಕವನ್ನು ಹಿಡಿದಿಡುವುದು ಡೇಟಾಬೇಸ್ ಸರ್ವರ್. ಅದನ್ನು ತೆರೆದು ನೋಡಲು, ನಕಲು ತೆಗೆಯಲು ಗುಮಾಸ್ತರು ಬಳಸುವುದು ಆಡಳಿತ ತಂತ್ರಾಂಶ. ಪಿಜಿಅಡ್ಮಿನ್, ಪಿಎಚ್‌ಪಿಮೈಅಡ್ಮಿನ್ ಮುಂತಾದವು ಈ ಜಾತಿಯವು. ಸಂಪರ್ಕ ಸಿಕ್ಕಿದೊಡನೆ ತಂತ್ರಾಂಶವು ಸರ್ವರಿನ ಆವೃತ್ತಿ ಯಾವುದೆಂದು ತಿಳಿದುಕೊಂಡು ಅದಕ್ಕೆ ತಕ್ಕ ಪ್ರಶ್ನೆ ಹಾಕುತ್ತದೆ. ಸರ್ವರಿನ ಒಳಪಟ್ಟಿಗಳ ಕಾಲಂಗಳು ಆವೃತ್ತಿಯಿಂದ ಆವೃತ್ತಿಗೆ ಬದಲಾಗುತ್ತವೆ. ಪೋಸ್ಟ್‌ಗ್ರೆಸ್ 11ರಲ್ಲಿ (2018) ಇಂಥ ಒಂದು ಕಾಲಂ ತೆಗೆದು ಬೇರೊಂದನ್ನು ಇಟ್ಟರು. ಹಳೆಯದನ್ನೇ ಕೇಳುವ ತಂತ್ರಾಂಶಕ್ಕೆ ಹೊಸ ಸರ್ವರ್ ಉತ್ತರ ಕೊಡಲಿಲ್ಲ. ಹೊಸ ತಂತ್ರಾಂಶ ಹಳೆಯ ಸರ್ವರಿನಲ್ಲಿ ಇಲ್ಲದ ಕಾಲಂ ಕೇಳಿದಾಗಲೂ ಇದೇ ಗತಿ. “ಈ ಆವೃತ್ತಿಗೆ ಬೆಂಬಲವಿಲ್ಲ” ಎಂಬ ಎಚ್ಚರಿಕೆಯ ಅರ್ಥ ಇಷ್ಟೇ. ಅದನ್ನು ಒತ್ತಿ ಮುಂದೆ ಹೋಗುವವರೇ ಹೆಚ್ಚು! ನೋಡುವುದಕ್ಕಾದರೆ ಚಿಂತೆಯಿಲ್ಲ, ತಿದ್ದುವುದಕ್ಕೆ ಮಾತ್ರ ಕೂಡದು.

ಪೋಸ್ಟ್‌ಗ್ರೆಸ್‌ನ ಪ್ರತಿ ಮುಖ್ಯ ಆವೃತ್ತಿಗೆ ಐದು ವರ್ಷ ದುರಸ್ತಿ ಸಿಗುತ್ತದೆ. 2016ರಲ್ಲಿ ಬಂದ 9.6ಕ್ಕೆ 2021ರ ನವೆಂಬರಿನಲ್ಲಿ ಅದು ನಿಂತಿತು, ಮೈಎಸ್‌ಕ್ಯೂಎಲ್ 5.7ಕ್ಕೆ 2023ರ ಅಕ್ಟೋಬರಿನಲ್ಲಿ. ಅನಂತರ ಕಂಡುಬಂದ ಭದ್ರತೆಯ ಲೋಪಗಳನ್ನು ಮೂಲದವರು ಮುಚ್ಚಿಕೊಡುವುದಿಲ್ಲ. ಅಂಥ ಯಂತ್ರವನ್ನು ಇಂಟರ್‌ನೆಟ್ಟಿಗೆ ತೆರೆದಿಡುವುದು ಬೇಲಿಯಿಲ್ಲದ ತೋಟದಂತೆ.

ತಂತ್ರಾಂಶವನ್ನು ಹಿಂದಿನ ಆವೃತ್ತಿಗೆ ಇಳಿಸಿದರೆ ಎಚ್ಚರಿಕೆ ಮಾಯವಾಗುತ್ತದೆ, ರೋಗ ಉಳಿಯುತ್ತದೆ. ಸರ್ವರನ್ನೇ ಏರಿಸಬೇಕು. ಪೋಸ್ಟ್‌ಗ್ರೆಸ್‌ನಲ್ಲಿ ನಕಲನ್ನು ಹೊಸ ಆವೃತ್ತಿಯ ಪಿಜಿ-ಡಂಪ್‌ನಿಂದಲೇ ತೆಗೆಯತಕ್ಕದ್ದು. ಹೊಸದು ಹಳೆಯ ಸರ್ವರನ್ನು ಓದಬಲ್ಲದು. ತನಗಿಂತ ಹೊಸ ಮುಖ್ಯ ಆವೃತ್ತಿಯ ಸರ್ವರನ್ನು ಹಳೆಯದು ಓದಲು ಒಪ್ಪುವುದಿಲ್ಲ. ಆದರೆ ಹೊಸದರ ನೋಟಕ್ಕೂ ಮಿತಿಯುಂಟು: 15ನೆಯ ಆವೃತ್ತಿಯಿಂದೀಚೆಗೆ 9.2ಕ್ಕಿಂತ ಹಳೆಯದನ್ನು ಅದು ಓದದು. ಅಷ್ಟು ಹಳೆಯದಾದರೆ ನಡುವಿನ ಒಂದು ಆವೃತ್ತಿಗೆ ಏರಿಸಿ ಅಲ್ಲಿಂದ ಮುಂದೆ ಹೋಗಬೇಕು. ನಕಲನ್ನು ಬೇರೊಂದು ಯಂತ್ರದಲ್ಲಿ ತುಂಬಿ, ಸದಸ್ಯರ ಸಂಖ್ಯೆ, ಷೇರು ಮೊತ್ತ, ಸಾಲದ ಬಾಕಿಗಳನ್ನು ಎರಡೂ ಕಡೆ ತಾಳೆ ನೋಡಬೇಕು. ಒಂದು ಪೈಸೆ ವ್ಯತ್ಯಾಸ ಬಂದರೂ ಹಳೆಯದನ್ನು ಕಳಚಬಾರದು.

ನಮ್ಮ ಭಾಷೆಗೇ ಅಂಟಿದ ತೊಡಕೊಂದಿದೆ. ಹಿಂದಿನ ನುಡಿ ಫಾಂಟಿನಲ್ಲಿ ತುಂಬಿದ ಹೆಸರುಗಳು ಗಣಕದೊಳಗೆ ಕನ್ನಡವಾಗಿಲ್ಲ. ರೋಮನ್ ಸಂಕೇತಗಳ ಮೇಲೆ ಕನ್ನಡದ ರೂಪ ಹೊದಿಸಿದೆ, ಅಷ್ಟೆ. ಸರ್ವರ್ ಏರಿಸಿದ ಮಾತ್ರಕ್ಕೆ ಅವು ಯೂನಿಕೋಡ್ ಆಗವು. ಪರಿವರ್ತಕದಿಂದ ಬೇರೆಯಾಗಿ ಮಾರ್ಪಡಿಸಿ, ಒತ್ತಕ್ಷರ ಮತ್ತು ಅರ್ಕಾವತ್ತು ಇರುವ ಹೆಸರುಗಳನ್ನು ಒಂದೊಂದಾಗಿ ಓದಬೇಕು. ಎರಡು ಕೆಲಸವನ್ನೂ ಒಂದೇ ದಿನ ಮಾಡಿದರೆ ತಪ್ಪು ಎಲ್ಲಿ ನುಸುಳಿತೆಂದು ಹುಡುಕುವುದು ದುಸ್ತರ.

2022ರ ಜೂನ್‌ನಲ್ಲಿ ಕೇಂದ್ರ ಸರ್ಕಾರ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಗಣಕೀಕರಣಕ್ಕೆ ಒಪ್ಪಿಗೆ ನೀಡಿತು. ಹಳೆಯ ಲೆಕ್ಕ ಸಾಗಿಸುವ ಕಷ್ಟ ಹಾಗಾಗಿ ನಮ್ಮೊಬ್ಬರದಲ್ಲ.

ನಮ್ಮ ಸಂಘದಲ್ಲಿ ಈ ಕೆಲಸವನ್ನು ಕೊಯ್ಲು ಮುಗಿದ ಮೇಲೆ ಇಟ್ಟುಕೊಂಡಿದ್ದೇವೆ. ಆ ದಿನಗಳಲ್ಲಿ ರಸೀದಿಗಳನ್ನು ಕೈಯಲ್ಲೇ ಬರೆದು ಕೊಡಲಾಗುವುದು. ಅವನ್ನು ಜೋಪಾನವಾಗಿಟ್ಟು, ಮುಂದಿನ ತಿಂಗಳು ಪಾಸ್‌ಬುಕ್ಕಿನ ಜೊತೆ ತಂದು ತಮ್ಮ ಹೆಸರನ್ನೂ ಬಾಕಿಯನ್ನೂ ನೋಡಿಕೊಂಡು ಹೋಗಬೇಕಾಗಿ ಕೋರುತ್ತೇವೆ.