ಹೊರಟಲ್ಲಿಗೆ ಮರಳುವ ಸೂಜಿ

ಇಳಕಲ್ಲಿನ ಸೀರೆಗೆ ಕಸೂತಿ ಹಾಕುವವರು ಬಟ್ಟೆಯ ಮೇಲೆ ಗೆರೆ ಬರೆದುಕೊಳ್ಳುವುದಿಲ್ಲ. ಹಾಸುಹೊಕ್ಕಿನ ಎಳೆಗಳನ್ನು ಎಣಿಸಿಯೇ ಗೋಪುರ, ತೇರು, ಆನೆಗಳನ್ನು ಮೂಡಿಸುತ್ತಾರೆ. ಗಾವಂತಿ, ಮುರಗಿ, ನೇಯ್ಗೆ, ಮೆಂತೆ ಎಂದು ಇದರಲ್ಲಿ ನಾಲ್ಕು ಬಗೆಯ ಹೊಲಿಗೆಗಳುಂಟು. ನೇಯ್ಗೆಯು ಮಗ್ಗದಲ್ಲೇ ನೆಯ್ದಂತೆ ತೋರುತ್ತದೆ. ಮುರಗಿಯು ಮೆಟ್ಟಿಲಿನಂತೆ ಏರುತ್ತದೆ. ಮೆಂತೆಯಲ್ಲಿ ಎಳೆಗಳು ಒಂದನ್ನೊಂದು ಹಾಯುತ್ತವೆ. ಕಲಿಯುವವರ ತಾಳ್ಮೆಯನ್ನು ಪರೀಕ್ಷಿಸುವುದು ಗಾವಂತಿ. ಸೂಜಿಯು ಹೋಗುವಾಗ ಒಂದೊಂದು ಎಡೆ ಬಿಟ್ಟು ಆಕೃತಿಯನ್ನು ಸುತ್ತುತ್ತದೆ. ಮರಳುವಾಗ ಬಿಟ್ಟ ಎಡೆಗಳನ್ನು ತುಂಬುತ್ತ ಹೊರಟಲ್ಲಿಗೇ ಬಂದು ಸೇರುತ್ತದೆ. ಗಂಟು ಹಾಕುವಂತಿಲ್ಲ. ಬಟ್ಟೆಯ ಎರಡು ಮೈಗಳೂ ಒಂದೇ ತೆರನಾಗಿ ಕಾಣಬೇಕು. ಯುರೋಪಿನಲ್ಲಿ ಈ ಹೊಲಿಗೆಗೆ 16ನೆಯ ಶತಮಾನದ ಚಿತ್ರಕಾರ ಹಾಲ್ಬೈನನ ಹೆಸರಿದೆ. ಅವನು ಬರೆದ ಭಾವಚಿತ್ರಗಳ ಉಡುಪುಗಳಲ್ಲಿ ಅದು ಕಾಣುತ್ತದೆಯಂತೆ. ಹೊಲಿದ ಹೆಂಗಸರ ಹೆಸರು ಅಲ್ಲಿಯೂ ಇಲ್ಲ, ಇಲ್ಲಿಯೂ ಇಲ್ಲ.

ಹುನಗುಂದದ ನಮ್ಮ ಮನೆಯಲ್ಲಿ ಅಕ್ಕನ ಮದುವೆಗೆಂದು ಚಂದ್ರಕಾಳಿ ಸೀರೆಯೊಂದು ಸಿದ್ಧವಾಗುತ್ತಿತ್ತು. ಸೆರಗಿನ ಒಂದು ಗೋಪುರವನ್ನು ಅಜ್ಜಿ ನನಗೆ ಒಪ್ಪಿಸಿದ್ದಳು. ಅವಳನ್ನು ನಾವು ಆಯಿ ಎನ್ನುತ್ತಿದ್ದೆವು. ಶಿಖರದ ತಿರುವಿನಲ್ಲಿ ನಾನು ಒಂದೆಳೆ ತಪ್ಪಿ ಎಣಿಸಿದೆ. ಮರಳಿದ ದಾರ ಮೊದಲ ಹೊಲಿಗೆಯನ್ನು ಮುಟ್ಟಲಿಲ್ಲ. ಹಿಂಬದಿಗೆ ಗಂಟಿಕ್ಕಿ ಸುಮ್ಮನಾದೆ.

ಆಯಿ ನೋಡಲಿಲ್ಲ, ಬೆರಳಾಡಿಸಿಯೇ ಗಂಟನ್ನು ಹಿಡಿದಳು.

"ಬಿಚ್ಚವ್ವಾ. ಮದ್ವಿಗಿ ಇನ್ನೂ ಎಂಟ ದಿನ ಅದಾವು."

ಕಪ್ಪು ರೇಷ್ಮೆಯಲ್ಲಿ ಎಳೆ ಕಾಣಬೇಕಾದರೆ ಬಿಸಿಲು ಬೇಕು. ಹೊಸ್ತಿಲ ಬಳಿ ಕುಳಿತು ಒಂದು ಹಗಲೆಲ್ಲ ಬಿಚ್ಚಿದೆ. ಮೂರನೆಯ ದಿನ ಸೂಜಿ ಹೊರಟಲ್ಲಿಗೆ ಬಂತು. ಆಯಿ ಸೆರಗನ್ನು ಮಗುಚಿ ಸವರಿದಳು. ಏನೂ ಹೇಳದೆ, ದಾರ ಪೋಣಿಸಿಕೊಡಲು ತನ್ನ ಸೂಜಿಯನ್ನು ನನ್ನತ್ತ ಚಾಚಿದಳು.