ಬಟ್ಟೆ ಪರೀಕ್ಷಿಸುವವರ ಚಿತ್ರ

ಯೂರೋಪಿನ ಚಿತ್ರಕಲೆಯ ಪಾಠ ನಮ್ಮಂಥ ಗಿರಣಿಯವರಿಗೆ ಏತಕ್ಕೆ, ಎಂದು ವಾಚನಾಲಯದ ಸದಸ್ಯರು ಕೆಲವರು ಕೇಳುವುದುಂಟು. ಪ್ರಶ್ನೆ ಸರಿಯಾದುದೇ. ನಾನೂ ಮೆಟ್ರಿಕ್ಕಿಗೆ ಓದು ನಿಲ್ಲಿಸಿದ ಗುಮಾಸ್ತ. ಪಂಡಿತರಂತೆ ಉತ್ತರ ಕೊಡಲಾರೆ. ಒಂದು ಚಿತ್ರವನ್ನು ಮಾತ್ರ ವಾಚಕರ ಮುಂದಿಡುತ್ತೇನೆ. ಅದರ ಅಚ್ಚಿನ ಪ್ರತಿ ದೊರೆತರೆ ಎದುರಿಗಿಟ್ಟುಕೊಂಡು ಓದಿರಿ.

ಹಾಲೆಂಡಿನ ರೆಂಬ್ರಾಂಟ್ (1606–1669) ಇದನ್ನು 1662ರಲ್ಲಿ ಬರೆದನು. ಈಗ ಆಮ್‌ಸ್ಟರ್‌ಡ್ಯಾಮಿನ ರೈಕ್ಸ್ ಮ್ಯೂಸಿಯಮ್ಮಿನಲ್ಲಿದೆ. ಇದರಲ್ಲಿ ದೇವರಿಲ್ಲ, ಅರಸರಿಲ್ಲ. ಕರಿಯ ಉಡುಪು, ಬಿಳಿಯ ಕಾಲರು, ಅಗಲವಾದ ಟೋಪಿ ಧರಿಸಿದ ಐವರು ಮೇಜಿನ ಬಳಿ ಇದ್ದಾರೆ. ಬಣ್ಣ ಹಾಕಿದ ಉಣ್ಣೆಬಟ್ಟೆಯನ್ನು ಮಾದರಿಯೊಡನೆ ಹೋಲಿಸಿ ಗುಣ ನಿರ್ಣಯಿಸುವುದು ಇವರ ಕೆಲಸ. ನಮ್ಮಲ್ಲಿ ಫೋಲ್ಡಿಂಗ್ ಖಾತೆಯವರು ಥಾನು ಬಿಚ್ಚಿ ಬೆಳಕಿಗೆ ಹಿಡಿಯುವುದಿಲ್ಲವೆ? ಹೆಚ್ಚುಕಡಮೆ ಅದೇ ಕೆಲಸ.

ಈಗ ಸಾವಕಾಶವಾಗಿ ನೋಡೋಣ. ಮೊದಲು ಕಣ್ಣುಗಳು. ಎಲ್ಲರೂ ತಲೆ ಎತ್ತಿ, ಬಾಗಿಲಲ್ಲಿ ಯಾರೋ ಬಂದಂತೆ ನೋಡುತ್ತಿದ್ದಾರೆ. ಒಬ್ಬನು ಅರ್ಧ ಎದ್ದಿದ್ದಾನೆ. ಐವರನ್ನು ಸಾಲಾಗಿ ಕೂರಿಸಿದ್ದರೆ ಅದು ಕಚೇರಿಯ ಗ್ರೂಪ್ ಫೋಟೋ ಆಗುತ್ತಿತ್ತು. ಆ ಒಂದು ಏಳುವಿಕೆಯಿಂದ ಜೀವ ಬಂದಿದೆ. ಎರಡನೆಯದು, ಮೇಜು. ಅದರ ಅಂಚು ಕಾಣುತ್ತದೆ, ಮೇಲ್ಭಾಗ ಕಾಣದು. ಎಂದರೆ ನಾವು ಕೆಳಗಿನಿಂದ ನೋಡುತ್ತಿದ್ದೇವೆ. ಮೂರನೆಯದು, ಬೆಳಕು. ಎಡಗಡೆಯಿಂದ ಬಂದು ಮುಖಗಳ ಮೇಲೆ, ಮೇಜಿನ ಕೆಂಪು ಜಮಖಾನೆಯ ಮೇಲೆ ಬಿದ್ದಿದೆ, ಉಳಿದುದೆಲ್ಲ ಮಬ್ಬು.

ಹಿಂದೆ ಆರನೆಯವನೊಬ್ಬನು ನಿಂತಿದ್ದಾನೆ, ಬರಿದಲೆ. ಆತ ಅವರ ಸೇವಕ. ಟೋಪಿ ಇಲ್ಲದುದರಿಂದ ದರ್ಜೆ ತಿಳಿಯುತ್ತದೆ. ಆದರೆ ಚಿತ್ರಕಾರನು ಅವನ ಮುಖಕ್ಕೆ ಬೆಳಕನ್ನು ಕಡಮೆ ಮಾಡಿಲ್ಲ. ಇದನ್ನು ನಮ್ಮಂಥವರು ಗಮನಿಸದಿದ್ದರೆ ಮತ್ತಾರು ಗಮನಿಸಬೇಕು?

ಇನ್ನೊಂದು ಸಂಗತಿ. 1656ರಲ್ಲಿ ರೆಂಬ್ರಾಂಟ್ ದಿವಾಳಿಯಾದನು. ಮನೆ, ಸಂಗ್ರಹ ಎಲ್ಲ ಹರಾಜಿಗೆ ಹೋದವು. ಹೆಚ್ಚುಕಡಮೆ ಅದೇ ವರ್ಷಗಳಲ್ಲಿ ಅವನು ನಮ್ಮ ಮೊಗಲ ಕಿರುಚಿತ್ರಗಳನ್ನು ಎದುರಿಗಿಟ್ಟುಕೊಂಡು ನಕಲು ಮಾಡಿದನು. ಜಹಾಂಗೀರ, ಶಾಹಜಹಾನರ ಚಿತ್ರಗಳೂ ಸೇರಿ ಅಂಥವು ಇಪ್ಪತ್ತಕ್ಕೂ ಹೆಚ್ಚು ಉಳಿದಿವೆ. ಆಗ ಡಚ್ ಕಂಪನಿಯ ಕೋಠಿ ಸೂರತಿನಲ್ಲಿತ್ತು; ಗುಜರಾತಿನ ಬಟ್ಟೆ, ಸರ್ಖೇಜಿನ ನೀಲಿ ಅವರ ಹಡಗು ಏರುತ್ತಿದ್ದವು. ಡಚ್ಚರ ಗೋರಿಗಳು ಸೂರತಿನಲ್ಲಿ ಇಂದಿಗೂ ಇವೆ. ಅಷ್ಟು ದೊಡ್ಡ ಕಲಾವಿದನು ನಮ್ಮವರ ಚಿತ್ರದ ಮುಂದೆ ಕೂತು ಕಲಿತನೆಂದ ಮೇಲೆ, ನಾವು ಅವನ ಚಿತ್ರದ ಮುಂದೆ ಕೂರಲು ಸಂಕೋಚವೇಕೆ?

ಈ ಚಿತ್ರ ನಮ್ಮ ಪ್ರಾಂತದಲ್ಲಿಲ್ಲ. ಆದರೆ ಯೂರೋಪಿನ ಮೂಲ ತೈಲಚಿತ್ರಗಳು ವಡೋದರದ ಸಯಾಜಿ ಬಾಗಿನಲ್ಲಿವೆ. ಮಹಾರಾಜ ಸಯಾಜಿರಾವ್ ಗಾಯಕವಾಡರು ಕಟ್ಟಿಸಿದ ಚಿತ್ರಶಾಲೆ 1914ರಲ್ಲಿ ಮುಗಿಯಿತು; ಮಹಾಯುದ್ಧದಿಂದ ಚಿತ್ರಗಳು ಬರುವುದು ತಡವಾಗಿ 1921ರಲ್ಲಿ ತೆರೆಯಿತು. ವೇಳೆಯನ್ನು ಮೊದಲೇ ವಿಚಾರಿಸಿಕೊಂಡು, ಮಕ್ಕಳನ್ನೂ ಕರೆದುಕೊಂಡು ಹೋಗಿರಿ. ಎಲ್ಲವನ್ನೂ ನೋಡುವ ಅವಸರ ಬೇಡ. ಮೂರು ಚಿತ್ರ ಆರಿಸಿಕೊಳ್ಳಿ. ಬೆಳಕು ಎಲ್ಲಿಂದ ಬಂತು, ನಾವು ಎಲ್ಲಿ ನಿಂತಿದ್ದೇವೆ, ಯಾರು ಯಾರನ್ನು ನೋಡುತ್ತಿದ್ದಾರೆ ಎಂದು ಕೇಳಿಕೊಳ್ಳಿ. ಹೆಸರಿನ ಚೀಟಿಯನ್ನು ಕೊನೆಗೆ ಓದಿರಿ.